ಮುಚ್ಚಿಟ್ಟರೆ ಕಳ್ಳನಿಗೇ ಲಾಭ

ಹೀಗೊಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಜನವರಿ ತಿಂಗಳು. ಹಬ್ಬಕ್ಕೆಂದು ಮೈಸೂರಿನಿಂದ ತವರೂರು ಹೊಸ ಅಗ್ರಹಾರಕ್ಕೆ ಬಂದಿದ್ದೀರಿ. ಅಮ್ಮ, ಅತ್ತಿಗೆ, ಮಕ್ಕಳನ್ನೆಲ್ಲ ಕರೆದುಕೊಂಡು ಚುಂಚನಕಟ್ಟೆ ಜಾತ್ರೆಗೆ ಹೋಗಿದ್ದೀರಿ. ಬಳೆ ಅಂಗಡಿ ಮುಂದೆ ಕೂತು ಕೈಗೆ ಬಳೆ ತೊಡಿಸಿಕೊಳ್ಳುವ ಹೊತ್ತಿಗೆ ಮೊಬೈಲ್ ಸದ್ದು ಮಾಡುತ್ತದೆ. ಇಂಗ್ಲಿಷಿನಲ್ಲಿ ಒಂದು ಮೆಸೇಜು. ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ 38,400 ರೂಪಾಯಿ ಖರ್ಚಾಗಿದೆಯಂತೆ, ಹೆಸರೇ ಕೇಳದ ಯಾವುದೋ ಅಂಗಡಿಯಲ್ಲಿ. ಕಾರ್ಡು ನೋಡಿದರೆ ನಿಮ್ಮ ಪರ್ಸಿನಲ್ಲೇ ಇದೆ!

ಆಗ ನೀವೇನು ಮಾಡುತ್ತೀರಿ?

ನಿಜ ಹೇಳಿ. ನಮ್ಮಲ್ಲಿ ಎಷ್ಟೋ ಜನ ಮೊದಲು ಮಾಡುವ ಕೆಲಸ, ಮೊಬೈಲನ್ನು ಮತ್ತೆ ಬ್ಯಾಗಿಗೆ ಹಾಕುವುದು. 'ಇವರಿಗೆ ಗೊತ್ತಾದ್ರೆ ಏನಂತಾರೋ', 'ಅತ್ತೆ ಮುಂದೆ ಮಾತು ಕೇಳಬೇಕಾಗುತ್ತೆ', 'ಹಬ್ಬ ಮುಗೀಲಿ, ಊರಿಗೆ ಹೋದ ಮೇಲೆ ನೋಡೋಣ'. ಹೀಗೆ ಒಂದು ದಿನ ಹೋಗುತ್ತದೆ, ನಾಲ್ಕು ದಿನ ಹೋಗುತ್ತದೆ. ತಿಂಗಳ ಬಿಲ್ಲು ಮನೆಗೆ ಬಂದಾಗ ಗುಟ್ಟು ರಟ್ಟಾಗುತ್ತದೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಈ ವಾರ ನಾವು ಹೇಳಬೇಕೆಂದಿರುವುದು ಒಂದೇ ಮಾತು. ಕಾರ್ಡಿನಲ್ಲಿ ಮೋಸವಾದಾಗ ಕಳ್ಳನಿಗಿಂತ ಹೆಚ್ಚು ನಷ್ಟ ಮಾಡುವುದು ನಮ್ಮ ಸಂಕೋಚ. ಇದು ಬರೀ ಉಪದೇಶದ ಮಾತಲ್ಲ, ರೂಪಾಯಿ ಲೆಕ್ಕದ ಮಾತು.

ಮೂರು ದಿನದ ಬೆಲೆ ಎಷ್ಟು?

ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಎಲ್ಲ ವಾಣಿಜ್ಯ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಕಳಿಸಿತು. ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಕಾರ್ಡು ಅಥವಾ ಖಾತೆಯಿಂದ ಹಣ ಹೋದರೆ ಆ ನಷ್ಟವನ್ನು ಯಾರು ಹೊರಬೇಕು ಅನ್ನುವುದನ್ನು ಅದು ವಿವರಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇಂಥದ್ದೇ ಸೂಚನೆ ಹೋಯಿತು.

ಲೆಕ್ಕ ಹೀಗಿದೆ. ತಪ್ಪು ಬ್ಯಾಂಕಿನದಾಗಿದ್ದರೆ ನಿಮ್ಮ ಮೇಲೆ ಒಂದು ಪೈಸೆಯ ಹೊರೆಯೂ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಇನ್ನೆಲ್ಲೋ ಮಾಹಿತಿ ಸೋರಿದೆ ಅನ್ನಿ. ಆಗ ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಿಮ್ಮ ನಷ್ಟ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ, 5 ಲಕ್ಷ ರೂಪಾಯಿವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ಪಾಲಿಗೆ. ಅದಕ್ಕಿಂತ ದೊಡ್ಡ ಮಿತಿಯ ಕಾರ್ಡಾದರೆ 25,000 ರೂಪಾಯಿ. ಏಳು ದಿನ ದಾಟಿತೋ, ಆಮೇಲೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಏನು ಹೇಳುತ್ತದೋ ಅದು.

ಜಾತ್ರೆಯ ಆ 38,400 ರೂಪಾಯಿಯನ್ನೇ ತೆಗೆದುಕೊಳ್ಳಿ. ಬಳೆ ಅಂಗಡಿ ಮುಂದೆಯೇ ಫೋನ್ ಮಾಡಿದ್ದರೆ ಸೊನ್ನೆ. 'ಊರಿಗೆ ಹೋದ ಮೇಲೆ' ಅಂದು ಐದು ದಿನ ಬಿಟ್ಟಿದ್ದರೆ 10,000. ಬಿಲ್ಲು ಬರುವವರೆಗೂ ಬಾಯಿ ಮುಚ್ಚಿಕೊಂಡಿದ್ದರೆ ಬಹುಶಃ ಪೂರ್ತಿ ದುಡ್ಡು. ನಮ್ಮ ಮೌನದ ಬೆಲೆ ಎಷ್ಟೆಂದು ಈಗ ಗೊತ್ತಾಯಿತಲ್ಲ?

ದಿನ ಎಣಿಸುವ ರೀತಿಯೂ ತಿಳಿದಿರಲಿ. ಮೆಸೇಜು ಬಂದ ದಿನವನ್ನು ಬಿಟ್ಟು, ನಿಮ್ಮ ಶಾಖೆ ಕೆಲಸ ಮಾಡುವ ದಿನಗಳನ್ನಷ್ಟೇ ಎಣಿಸುತ್ತಾರೆ. ಶುಕ್ರವಾರ ಸಂಜೆ ಮೆಸೇಜು ಬಂತು, ಮರುದಿನ ನಾಲ್ಕನೇ ಶನಿವಾರ, ಆಮೇಲೆ ಭಾನುವಾರ ಎಂದಿಟ್ಟುಕೊಳ್ಳಿ. ಮಧ್ಯೆ ಹಬ್ಬದ ರಜೆ ಇಲ್ಲದಿದ್ದರೆ ಸೋಮವಾರ, ಮಂಗಳವಾರ, ಬುಧವಾರ ನಿಮ್ಮ ಮೂರು ದಿನಗಳು. ಹಾಗಂತ ಬುಧವಾರದವರೆಗೆ ಕಾಯಬೇಡಿ. ಬ್ಯಾಂಕಿಗೆ ರಜೆ ಇರಬಹುದು, ಕಳ್ಳನಿಗೆ ರಜೆ ಇಲ್ಲ!

'ನಾನೇ ಒಟಿಪಿ ಹೇಳಿಬಿಟ್ಟೆ'

ಅತಿ ಹೆಚ್ಚು ನಾಚಿಕೆ ಆಗುವುದು ಇಲ್ಲೇ. ಬ್ಯಾಂಕಿನವರೆಂದು ಹೇಳಿಕೊಂಡ ಯಾರೋ ಫೋನ್ ಮಾಡಿದರು, ರಿವಾರ್ಡ್ ಪಾಯಿಂಟ್ ಕೊಡುತ್ತೇವೆ ಅಂದರು, ನೀವು ನಂಬಿ ನಂಬರ್ ಓದಿ ಹೇಳಿದಿರಿ. ಈಗ ಯಾವ ಮುಖ ಇಟ್ಟುಕೊಂಡು ದೂರು ಕೊಡುವುದು?

ಇದೇ ಮುಖ ಇಟ್ಟುಕೊಂಡು ಕೊಡಿ. ಒಟಿಪಿ ಕೊಟ್ಟಿದ್ದರೆ ಅಲ್ಲಿಯವರೆಗಿನ ನಷ್ಟ ನಿಮ್ಮದೇ ಎಂದು ಆ ಸುತ್ತೋಲೆ ಹೇಳುವುದು ನಿಜ. ಆದರೆ ಅದರಲ್ಲೇ ಮುಂದಿನ ಮಾತೂ ಇದೆ. ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗುವ ಹಣದ ನಷ್ಟ ಬ್ಯಾಂಕಿನದು. ಅಂದರೆ, ತಪ್ಪು ನಿಮ್ಮದೇ ಆಗಿದ್ದರೂ ಬೇಗ ಹೇಳಿದಷ್ಟೂ ನಿಮಗೇ ಒಳ್ಳೆಯದು. ಇನ್ನೊಂದು ವಿಷಯ. ತಪ್ಪು ಗ್ರಾಹಕರದು ಎಂದು ಬ್ಯಾಂಕ್ ಸುಮ್ಮನೆ ಹೇಳಿದರೆ ಸಾಲದು, ಅದನ್ನು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ.

ಒಟಿಪಿ ಹೇಳದೆಯೂ ಹಣ ಹೋಗಬಹುದೇ? ಹೋಗಬಹುದು. ನಮ್ಮ ದೇಶದಲ್ಲಿ 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಖರೀದಿಗೆ ಎರಡನೇ ಹಂತದ ದೃಢೀಕರಣ ಕಡ್ಡಾಯವಾಯಿತು. ಆದರೆ ಹೊರದೇಶದ ಅಂಗಡಿಗಳು ಅದನ್ನು ಕೇಳದೆಯೇ, ಕಾರ್ಡಿನ ಮೇಲಿರುವ ಸಂಖ್ಯೆಗಳಿಂದಲೇ ಹಣ ಪಡೆದಿರಬಹುದು. ಹಾಗಾಗಿ 'ನಾನು ಯಾರಿಗೂ ಏನೂ ಹೇಳಿಲ್ಲ, ಇದು ಹೇಗೆ ಸಾಧ್ಯ' ಎಂದು ತಲೆ ಕೆಡಿಸಿಕೊಂಡು ಕೂರಬೇಡಿ. ಕಾರಣ ಆಮೇಲೆ ಹುಡುಕಬಹುದು. ಮೊದಲು ಬಾಗಿಲು ಹಾಕಿ.

ಕೂಡಲೇ ಏನು ಮಾಡಬೇಕು?

* ಕಾರ್ಡ್ ಬ್ಲಾಕ್ ಮಾಡಿಸಿ. ಬ್ಯಾಂಕಿನ ಆಪ್ ಇದ್ದರೆ ಅದರಲ್ಲೇ ಮಾಡಬಹುದು. ಇಲ್ಲವಾದರೆ ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ಫೋನ್ ಮಾಡಿ. ಶಾಖೆಗೆ ಹೋಗಲು ಕೆ.ಆರ್. ನಗರದ ಬಸ್ಸಿಗೆ ಕಾಯಬೇಕಾಗಿಲ್ಲ.

* ಮೆಸೇಜಿನಲ್ಲಿರುವ ಅಪರಿಚಿತ ನಂಬರಿಗೆ ಫೋನ್ ಮಾಡಬೇಡಿ, ಲಿಂಕ್ ಒತ್ತಬೇಡಿ. ಆ ಮೆಸೇಜೇ ನಕಲಿ ಇರಬಹುದು. ಇಂಟರ್‌ನೆಟ್ಟಿನಲ್ಲಿ ಹುಡುಕಿ ಸಿಗುವ 'ಕಸ್ಟಮರ್ ಕೇರ್' ನಂಬರುಗಳಲ್ಲೂ ಮೋಸದವು ಇರುತ್ತವೆ.

* ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ದಿನಾಂಕ, ಸಮಯವೂ ಇರಲಿ. ಫೋನಿನಲ್ಲಿ ಹೇಳಿದ್ದನ್ನೇ ಇ-ಮೇಲ್ ಅಥವಾ ಪತ್ರದಲ್ಲೂ ಕೊಡಿ. 'ನಾನು ಅವತ್ತೇ ಹೇಳಿದ್ದೆ' ಅನ್ನುವುದಕ್ಕೆ ನಾಳೆ ಅದೇ ಸಾಕ್ಷಿ.

* 1930ಕ್ಕೆ ಫೋನ್ ಮಾಡಿ. ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ. 2021ರ ಏಪ್ರಿಲ್‌ನಲ್ಲಿ ಶುರುವಾದಾಗ ಅದರ ಸಂಖ್ಯೆ 155260 ಆಗಿತ್ತು, ಆಮೇಲೆ 1930 ಆಯಿತು. ಹಣ ಯಾವ ಖಾತೆಗೆ ಹೋಗಿದೆಯೋ ಅಲ್ಲೇ ತಡೆಹಿಡಿಯುವಂತೆ ಸಂಬಂಧಪಟ್ಟ ಬ್ಯಾಂಕಿಗೆ ಅಲ್ಲಿಂದ ಸೂಚನೆ ಹೋಗುತ್ತದೆ. ಕಳ್ಳ ಹಣ ತೆಗೆಯುವ ಮೊದಲೇ ಸೂಚನೆ ತಲುಪಿದರೆ ಮಾತ್ರ ಪ್ರಯೋಜನ, ಆದ್ದರಿಂದ ಇಲ್ಲಿ ಒಂದೊಂದು ನಿಮಿಷವೂ ಮುಖ್ಯ.

* ಪೊಲೀಸರಿಗೂ ತಿಳಿಸಿ. ದೊಡ್ಡ ಮೊತ್ತವಾದರೆ ಜಿಲ್ಲೆಯ ಸಿಇಎನ್ ಠಾಣೆಗೆ, ಇಲ್ಲವೇ ಹತ್ತಿರದ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ.

ಬಿಲ್ಲು ಬಂದಾಗ

ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ನಿಮ್ಮ ಲೆಕ್ಕಕ್ಕೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರು ಇತ್ಯರ್ಥ ಮಾಡಬೇಕು ಎಂದು 2017ರ ಸುತ್ತೋಲೆ ಹೇಳಿತು. ಕ್ರೆಡಿಟ್ ಕಾರ್ಡಾದರೆ ಅದರ ಮೇಲೆ ಬಡ್ಡಿಯ ಹೊರೆ ಗ್ರಾಹಕರಿಗೆ ಬೀಳಬಾರದು ಅಂದಿತು. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ದೂರು ಕೊಡುವಾಗ ಈಗಿನ ನಿಯಮ ಏನೆಂದು ಬ್ಯಾಂಕಿನವರನ್ನೇ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಇಲ್ಲೊಂದು ತಪ್ಪು ಮಾಡಬೇಡಿ. ಮೋಸವಾಯಿತೆಂಬ ಸಿಟ್ಟಿಗೆ ಪೂರ್ತಿ ಬಿಲ್ಲನ್ನೇ ಕಟ್ಟದೆ ಬಿಡುವವರಿದ್ದಾರೆ. ತಕರಾರು ಇರುವುದು ಆ 38,400ರ ಬಗ್ಗೆ ಮಾತ್ರ. ನೀವೇ ಕೊಂಡ ಸೀರೆ, ದಿನಸಿ, ಮಗನ ಪುಸ್ತಕದ ಹಣವನ್ನು ಗಡುವಿನೊಳಗೆ ಕಟ್ಟಿಬಿಡಿ. ಇಲ್ಲದಿದ್ದರೆ ಬಡ್ಡಿ, ದಂಡ ಬೆಳೆಯುತ್ತದೆ. ನಾಳೆ ಮನೆ ಸಾಲ ಕೇಳಲು ಹೋದಾಗಲೂ ತೊಂದರೆ.

ಬ್ಯಾಂಕು 30 ದಿನವಾದರೂ ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಮಾಹಿತಿಗೆ 14448 ಸಂಖ್ಯೆ ಇದೆ.

ಈ ನಡುವೆ 'ನಿಮ್ಮ ಹಣ ವಾಪಸ್ ಕೊಡಿಸ್ತೀವಿ ಮೇಡಂ, ಸ್ವಲ್ಪ ಫೀಸ್ ಆಗುತ್ತೆ' ಎಂದು ಯಾರಾದರೂ ಫೋನ್ ಮಾಡಿದರೆ ಹುಷಾರು. ಅದು ಎರಡನೇ ಮೋಸದ ಆರಂಭ.

ಮೊದಲೇ ಹಾಕಬಹುದಾದ ಚಿಲಕ

2020ರ ಅಕ್ಟೋಬರ್‌ನಿಂದ ಕಾರ್ಡಿನ ಒಂದೊಂದು ಬಳಕೆಯನ್ನೂ ನಾವೇ ಆನ್, ಆಫ್ ಮಾಡಿಕೊಳ್ಳುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಹೊರದೇಶದ ವ್ಯವಹಾರ ನಿಮಗೆ ಬೇಡವೇ? ಆಫ್ ಮಾಡಿಡಿ. ಪಿನ್ ಇಲ್ಲದೆ ತಾಗಿಸಿ ಹಣ ಕೊಡುವ ಮಿತಿ 2021ರ ಜನವರಿಯಿಂದ 5,000 ರೂಪಾಯಿಗೆ ಏರಿತು. ಅದು ಬೇಡವೆಂದರೆ ಅದನ್ನೂ ಆಫ್ ಮಾಡಬಹುದು. ಆನ್‌ಲೈನ್ ಖರೀದಿಗೆ ಸಣ್ಣ ಮಿತಿ ಹಾಕಿಕೊಳ್ಳಬಹುದು. ರಾತ್ರಿ ಮಲಗುವ ಮುಂಚೆ ಗ್ಯಾಸ್ ಸಿಲಿಂಡರ್ ಆಫ್ ಮಾಡುತ್ತೀರಲ್ಲ, ಇದೂ ಹಾಗೇ.

ಬ್ಯಾಂಕಿನ ಸಹಾಯವಾಣಿ ನಂಬರನ್ನು ಡೈರಿಯಲ್ಲಿ ಬರೆದಿಡಿ. ಕಾರ್ಡೇ ಕಳೆದುಹೋದರೆ ಹಿಂಬದಿಯ ನಂಬರೂ ಅದರ ಜೊತೆಗೇ ಹೋಗಿರುತ್ತದೆ!

ನಮ್ಮಲ್ಲಿ ಬಹಳ ಮನೆಗಳಲ್ಲಿ ಇನ್ನೊಂದು ಪದ್ಧತಿ ಇದೆ. ಕಾರ್ಡು ಯಜಮಾನರ ಹೆಸರಲ್ಲಿ, ಹೆಂಡತಿಗೆ ಅದರ ಮೇಲೆ ಒಂದು ಆಡ್-ಆನ್ ಕಾರ್ಡು. ಖರ್ಚು ಮಾಡುವವರು ನೀವು, ಆದರೆ ಮೆಸೇಜು ಅವರ ಮೊಬೈಲಿಗೆ ಹೋಗುತ್ತಿರಬಹುದು. ಅವರು 'ಇವಳೇ ಏನೋ ಕೊಂಡಿರಬೇಕು' ಅಂದುಕೊಳ್ಳುತ್ತಾರೆ. ನಿಮಗೆ ಸುದ್ದಿಯೇ ಇಲ್ಲ. ಮೂರು ದಿನ ಸದ್ದಿಲ್ಲದೆ ಕಳೆದುಹೋಗುತ್ತದೆ. ನಿಮ್ಮ ಕಾರ್ಡಿನ ಮೆಸೇಜು ಯಾರ ನಂಬರಿಗೆ ಬರುತ್ತಿದೆ ಎಂದು ಇವತ್ತೇ ವಿಚಾರಿಸಿ. ನಿಮ್ಮ ನಂಬರಿಗೂ ಬರುವಂತೆ ಮಾಡಲು ಸಾಧ್ಯವೇ ಕೇಳಿ. ಸಾಧ್ಯವಿಲ್ಲ ಅಂದರೆ, ಮೆಸೇಜು ಬಂದ ಕೂಡಲೇ ಇಬ್ಬರೂ ಒಂದು ಮಾತು ಕೇಳಿಕೊಳ್ಳುವ ಒಪ್ಪಂದ ಮನೆಯಲ್ಲೇ ಆಗಲಿ.

ಮನೆಯವರಿಗೂ ಒಂದು ಮಾತು

ಈ ಪುಟವನ್ನು ಕದ್ದು ಓದುವ ಗಂಡಸರೂ ಇದ್ದಾರೆಂದು ನಮಗೆ ಗೊತ್ತು! ಅವರಿಗೊಂದು ಕೋರಿಕೆ. ಹೆಂಡತಿ ಬಂದು 'ಹೀಗಾಯ್ತು ಕಣ್ರೀ' ಅಂದಾಗ ಮೊದಲ ಮಾತು 'ನಿನಗೆ ಬುದ್ಧಿ ಇಲ್ವಾ' ಆಗದಿರಲಿ. ಆ ಬೈಗುಳಕ್ಕೆ ಹೆದರಿ ಮುಂದಿನ ಸಲ ಅವಳು ಹೇಳುವುದೇ ಇಲ್ಲ. ಮೊದಲ ಮಾತು 'ಕಾರ್ಡು ಬ್ಲಾಕ್ ಮಾಡಿದ್ಯಾ?' ಆಗಿರಲಿ. ಓದಿದವರು, ಆಫೀಸಿನಲ್ಲಿ ಲೆಕ್ಕ ನೋಡುವವರು ಕೂಡ ಇಂಥ ಮೋಸಕ್ಕೆ ಬೀಳುತ್ತಾರೆ. ಅವರೆಲ್ಲ ದಡ್ಡರೇ?

ಬ್ಯಾಂಕುಗಳಿಗೂ ಹೇಳಬೇಕಾದ್ದಿದೆ. ಹಣ ಹೋದ ಸುದ್ದಿ ಕನ್ನಡದಲ್ಲಿ ಬಂದರೆ ಎಷ್ಟೋ ಹೆಣ್ಣುಮಕ್ಕಳಿಗೆ ಆ ಕ್ಷಣವೇ ಅರ್ಥವಾಗುತ್ತದೆ. ಗಾಬರಿಯಲ್ಲಿ ಫೋನ್ ಮಾಡಿದವರಿಗೆ 'ಒಂದು ಒತ್ತಿ, ಎರಡು ಒತ್ತಿ' ಎಂಬ ಸುತ್ತಾಟವಿಲ್ಲದೆ, ಕನ್ನಡದಲ್ಲಿ ಮಾತನಾಡುವ ಒಬ್ಬ ಮನುಷ್ಯ ಸಿಗಬೇಕು. ಮೂರು ದಿನದ ಗಡುವು ಗ್ರಾಹಕರಿಗೆ ಇದೆಯೆಂದ ಮೇಲೆ, ಅವರಿಗೆ ಅರ್ಥವಾಗುವಂತೆ ಹೇಳುವುದು ಬ್ಯಾಂಕಿನ ಕರ್ತವ್ಯ. ಇದು ದಾಕ್ಷಿಣ್ಯದ ಮಾತಲ್ಲ.

ಕೊನೆಗೆ ಹೊಸ ಅಗ್ರಹಾರದಂಥ ಊರುಗಳ ನಮ್ಮ ಅಜ್ಜಿಯರನ್ನು ನೆನೆಸಿಕೊಳ್ಳೋಣ. ಅಂಗಡಿ ಶೆಟ್ಟರ ಹತ್ತಿರ ಸಾಲದ ಲೆಕ್ಕದ ಪುಸ್ತಕ ಇರುತ್ತಿತ್ತು. ಓದು ಬಾರದಿದ್ದರೂ ತಿಂಗಳ ಕೊನೆಗೆ ಮೊಮ್ಮಗಳ ಕೈಲಿ ಓದಿಸಿ, ಒಂದೊಂದು ಸಾಮಾನಿಗೂ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು. 'ನಾವು ಎರಡು ಅಚ್ಚು ಬೆಲ್ಲ ತಂದಿದ್ದು, ಮೂರು ಯಾಕೆ ಬರ್ದವ್ರೆ, ಕೇಳ್ಕೊಂಡ್ ಬಾ ಹೋಗು' ಅನ್ನುತ್ತಿದ್ದರು. ಅದರಲ್ಲಿ ಅವರಿಗೆ ನಾಚಿಕೆ ಇರಲಿಲ್ಲ.

ಕ್ರೆಡಿಟ್ ಕಾರ್ಡಿನ ಬಿಲ್ಲೂ ಅಂಥದ್ದೇ ಸಾಲದ ಪುಸ್ತಕ. ಈ ತಿಂಗಳ ಬಿಲ್ಲು ಬಂದಾಗ ಕೊನೆಯ ಮೊತ್ತವನ್ನಷ್ಟೇ ನೋಡಿ ಮಡಿಸಿಡಬೇಡಿ. ಒಂದು ಲೋಟ ಕಾಫಿ ಇಟ್ಟುಕೊಂಡು ಸಾಲು ಸಾಲಾಗಿ ಓದಿ. ನೀವು ತರದ ಬೆಲ್ಲ ಅದರಲ್ಲಿ ಕಂಡರೆ, ಒಂದು ರೂಪಾಯಿಯದಾದರೂ ಸರಿ, ಅಜ್ಜಿಯ ದನಿಯಲ್ಲೇ ಕೇಳಿ. ಅದೂ ಅವತ್ತೇ ಕೇಳಿ. ಏನಂತೀರಿ?