ಬಹುಮಾನವೇ, ಲಂಚವೇ?

ವ್ಯಸನಿಗೆ ಬಹುಮಾನ ಕೊಟ್ಟು ಕೊಕೇನ್ ಬಿಡಿಸುವುದೆಂದರೆ ಲಂಚ ಕೊಟ್ಟಂತೆ ಎಂದು ಅಮೆರಿಕದಲ್ಲಿ ಹಲವರು ಮೂಗು ಮುರಿಯುತ್ತಾರೆ. ಈ ವಾದವನ್ನು ನಾವು ಒಪ್ಪಲಾರೆವು. ಲಂಚವು ತಪ್ಪು ಮಾಡಿಸಲು ಕೊಡುವಂಥದ್ದು. ಇದು ತಪ್ಪಿನಿಂದ ಮರಳಿದವನಿಗೆ ಸಲ್ಲುವಂಥದ್ದು.

ಕೊಕೇನ್ ಚಟಕ್ಕೆ ಅಲ್ಲಿನ ಸರಕಾರ ಮಾನ್ಯ ಮಾಡಿದ ಔಷಧಿ ಒಂದೂ ಇಲ್ಲ. ವರ್ಮೊಂಟ್ ವಿಶ್ವವಿದ್ಯಾನಿಲಯದ ಸ್ಟೀಫನ್ ಹಿಗಿನ್ಸ್ ಮತ್ತು ಸಂಗಡಿಗರು, ಮೂತ್ರ ಪರೀಕ್ಷೆಯಲ್ಲಿ ಕೊಕೇನ್‌ನ ಅಂಶ ಕಂಡುಬಾರದವರಿಗೆ ಸಾಮಗ್ರಿ ಕೊಳ್ಳುವ ಚೀಟಿ ಕೊಟ್ಟರು. ಸಂಯಮ ಮುಂದುವರಿದಂತೆ ಚೀಟಿಯ ಬೆಲೆ ಏರುತ್ತಿತ್ತು. ಎಡವಿದರೆ ಆರಂಭದ ಮಟ್ಟಕ್ಕೆ ಇಳಿಯುತ್ತಿತ್ತು. 1994ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಚೀಟಿ ಪಡೆದವರ ಪೈಕಿ ಶೇ. 75 ಮಂದಿ 24 ವಾರಗಳ ಚಿಕಿತ್ಸೆಯನ್ನು ಪೂರ್ಣಗೊಳಿಸಿದರು; ಪಡೆಯದವರಲ್ಲಿ ಶೇ. 40 ಮಂದಿ ಮಾತ್ರ.

ಬಹುಮಾನ ನಿಂತರೆ ಚಟ ಮರಳದೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಹಲವರಲ್ಲಿ ಹಾಗಾಗುವುದೂ ನಿಜ. ಆದರೆ ಮಾತ್ರೆ ನಿಲ್ಲಿಸಿದಾಗ ರಕ್ತದೊತ್ತಡ ಏರಿದರೆ ಯಾರೂ ಮಾತ್ರೆಯನ್ನು ದೂರುವುದಿಲ್ಲ, ಮುಂದುವರಿಸುತ್ತಾರೆ. 2023ರಲ್ಲಿ ಕ್ಯಾಲಿಫೋರ್ನಿಯ ಆರಂಭಿಸಿದ ಯೋಜನೆಯಲ್ಲಿ ಬಹುಮಾನದ ಅವಧಿ 24 ವಾರ, ಮೊತ್ತ ವರ್ಷಕ್ಕೆ ಗರಿಷ್ಠ 599 ಡಾಲರ್. ವರ್ಷಗಟ್ಟಲೆಯ ಚಟಕ್ಕೆ ಆರು ತಿಂಗಳೂ ತುಂಬದ ಆಸರೆ ನೀಡಿ, ಬಳಿಕ ಬಿದ್ದವನನ್ನೇ ಹಳಿಯುವುದು ಯಾವ ನ್ಯಾಯ? ಸಂಯಮವು ಬದುಕಿನುದ್ದಕ್ಕೂ ಇರಬೇಕೆನ್ನುವವರು ಮೊದಲು ಆಸರೆಯನ್ನು ದೀರ್ಘಗೊಳಿಸಲಿ.