ಮೊದಲ ಪುಟದ ಆಸೆಗೆ ಬಿದ್ದು ನಾನು ಮಾಡಿದ ತಪ್ಪುಗಳು

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು. ಮೊನ್ನೆ ಕಾಲೇಜಿನ ಗೆಳೆಯನೊಬ್ಬ ಫೋನ್ ಮಾಡಿ, "ಲೋ, ಅಣ್ಣನ ಅಂಗಡಿಗೆ ವೆಬ್‌ಸೈಟ್ ಮಾಡ್ಸಿದೀವಿ. ಒಬ್ಬ ಬಂದು ಗೂಗಲ್ಲಲ್ಲಿ ನಂಬರ್ ಒನ್ ಮಾಡಿಕೊಡ್ತೀನಿ, ಗ್ಯಾರಂಟಿ ಅಂತಿದಾನೆ. ದುಡ್ಡು ಕೊಡ್ಲಾ?" ಅಂದ. "ಬೇಡ" ಅಂದೆ. "ಯಾಕೆ?" ಅಂದ. ಆ 'ಯಾಕೆ'ಗೆ ಉತ್ತರ ಫೋನಲ್ಲಿ ಮುಗಿಯಲಿಲ್ಲ. ಅದಕ್ಕೇ ಈ ಪೋಸ್ಟು.

ಮೊದಲೇ ಹೇಳಿಬಿಡ್ತೀನಿ, ನಾನು ಈ ವಿಷಯದ ಪಂಡಿತನಲ್ಲ. ಎಂಜಿನಿಯರಿಂಗ್ ಓದಿ, ಕೋಡು ಬರೆದು ಹೊಟ್ಟೆ ಹೊರೆಯುವವನು. ಆದರೆ ತಪ್ಪು ಮಾಡಿದ ಅನುಭವ ಮಾತ್ರ ಧಾರಾಳವಾಗಿದೆ :-) ಪೆಟ್ಟು ಬಿದ್ದದ್ದು ನನಗಲ್ಲ, ನನ್ನ ಚಿಕ್ಕಮ್ಮನಿಗೆ.

ಚಿಕ್ಕಮ್ಮನ ಮನೆ ಸಾಗರದ ಹತ್ತಿರ ಒಂದು ಹಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರ್ತಾಳೆ. 2020ರ ಲಾಕ್‌ಡೌನಿನಲ್ಲಿ ಪೇಟೆಯ ಅಂಗಡಿಗಳಿಗೆ ಕೊಡೋದು ನಿಂತುಹೋದಾಗ ನಾನೇ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟೆ. ನಾಲ್ಕು ಫೋಟೋ, ಬೆಲೆ, ಫೋನ್ ನಂಬರು, ಅಷ್ಟೆ. ಬೆಂಗಳೂರಿಂದ, ಪುಣೆಯಿಂದ ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು. ಚೆನ್ನಾಗೇ ನಡೀತಿತ್ತು. 2022ರಲ್ಲಿ ನನಗೆ ದುರಾಸೆ ಹುಟ್ಟಿತು, ಮೊದಲ ಪುಟಕ್ಕೆ ತರಬೇಕು ಅಂತ.

ಮೊದಲನೇ ತಪ್ಪು, ಒಂದೇ ಪದವನ್ನು ತುರುಕಿದ್ದು. 'ಅಪ್ಪೆಮಿಡಿ ಉಪ್ಪಿನಕಾಯಿ' ಅನ್ನೋದನ್ನ ಒಂದೇ ಪುಟದಲ್ಲಿ ನಲವತ್ತು ಸಲ ಬರೆದೆ. ಸಾಲದ್ದಕ್ಕೆ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಇನ್ನೊಂದಿಷ್ಟು. ಮೆಟಾ ಕೀವರ್ಡ್ಸ್ ಅನ್ನೋ ಟ್ಯಾಗಿಗೂ ಒಂದು ಬುಟ್ಟಿ ಪದ ಸುರಿದೆ. ಆ ಟ್ಯಾಗನ್ನು ರ‍್ಯಾಂಕಿಂಗಿಗೆ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿತ್ತು. ಓದಿದ್ದರೆ ತಾನೇ ಗೊತ್ತಾಗೋದು! ಚಿಕ್ಕಮ್ಮ ಮೊಬೈಲಲ್ಲಿ ಆ ಪುಟ ನೋಡಿ, "ಎಂತದಾ ಅಪ್ಪಿ ಇದು, ಜಪ ಮಾಡಿದ ಹಾಂಗೆ ಒಂದೇ ಹೆಸರು?" ಅಂದಳು. ನಾನು ದೊಡ್ಡ ಎಂಜಿನಿಯರ್ ಥರ, "ಅದು ಗೂಗಲ್ಲಿಗೆ ಚಿಕ್ಕಮ್ಮ, ಜನಕ್ಕಲ್ಲ" ಅಂದೆ. ಈಗ ಯೋಚಿಸಿದರೆ ಉಳಿದ ಎಲ್ಲಾ ತಪ್ಪುಗಳ ಬೀಜ ಆ ಮಾತಿನಲ್ಲೇ ಇತ್ತು.

ಹುಡುಕುವ ಯಂತ್ರಕ್ಕೆ ಒಂದು, ಓದುವ ಮನುಷ್ಯನಿಗೆ ಇನ್ನೊಂದು ತೋರಿಸೋ ಆಟ ದೊಡ್ಡವರೂ ಆಡಿದ್ದಾರೆ. 2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯೂ ಕಂಪನಿಯ ಜರ್ಮನಿಯ ವೆಬ್‌ಸೈಟನ್ನು ಗೂಗಲ್ ತನ್ನ ಪಟ್ಟಿಯಿಂದಲೇ ಕಿತ್ತುಹಾಕಿತ್ತು. ಗೂಗಲ್ಲಿನ ರೋಬೋಟ್ ಬಂದರೆ ಪದ ತುಂಬಿದ ಪುಟ, ಜನ ಬಂದರೆ ಅಲ್ಲಿಂದ ಬೇರೆ ಪುಟಕ್ಕೆ ಕಳಿಸೋದು, ಇದೇ ಕಾರಣ. ಅವರು ಆ ಪುಟಗಳನ್ನು ತೆಗೆದರು, ಕೆಲವೇ ದಿನಗಳಲ್ಲಿ ಪಟ್ಟಿಗೆ ವಾಪಸ್ ಬಂದರು. ಅಷ್ಟು ದಿನ ಗೂಗಲ್ಲಲ್ಲಿ ಕಾಣದಿದ್ದರೂ ಕಾರು ಕೊಳ್ಳುವವನಿಗೆ ಬಿಎಂಡಬ್ಲ್ಯೂ ಹೆಸರು ಮರೆಯಲ್ಲ. ಚಿಕ್ಕಮ್ಮನ ಉಪ್ಪಿನಕಾಯಿಯ ಹೆಸರು ಯಾರಿಗೆ ಗೊತ್ತು?

ಎರಡನೇ ತಪ್ಪು, ಲಿಂಕ್ ಕೊಂಡದ್ದು. ಗೂಗಲ್ ಶುರುವಾಗಿದ್ದೇ ಒಂದು ಸರಳ ವಿಚಾರದಿಂದ. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ವೋಟು ಇದ್ದ ಹಾಗೆ. ತೂಕವಿರೋರ ವೋಟಿಗೆ ಬೆಲೆ ಜಾಸ್ತಿ. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಬರೆದ ಪ್ರಬಂಧದ ಪೇಜ್‌ರ‍್ಯಾಂಕ್ ಇದೇ. ವೋಟು ಇದ್ದಲ್ಲಿ ವೋಟು ಮಾರೋರೂ ಇರ್ತಾರಲ್ಲ! ನನಗೂ ಒಬ್ಬ ಸಿಕ್ಕಿದ. ಐನೂರು ಲಿಂಕಿಗೆ ಇಷ್ಟು ಅಂತ ರೇಟು. ಆಮೇಲೆ ನೋಡಿದರೆ ನಮ್ಮ ಉಪ್ಪಿನಕಾಯಿಗೆ ಲಿಂಕ್ ಕೊಟ್ಟವರು ಯಾರಪ್ಪಾ ಅಂದ್ರೆ ಜೂಜಿನ ಸೈಟುಗಳು, ಯಾವುದೋ ದೇಶದ ಟೈರ್ ಅಂಗಡಿಗಳು. 2011ರ ಫೆಬ್ರುವರಿಯಲ್ಲಿ ಅಮೆರಿಕದ ಜೆಸಿ ಪೆನ್ನಿ ಅನ್ನೋ ದೊಡ್ಡ ಅಂಗಡಿಯ ಇಂಥ ಕೊಂಡ ಲಿಂಕುಗಳ ಕತೆಯನ್ನು ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆದಿತ್ತು, ಗೂಗಲ್ ಅವರನ್ನು ಕೆಳಕ್ಕೆ ತಳ್ಳಿತ್ತು. 2012ರ ಏಪ್ರಿಲಿನಲ್ಲಿ ಪೆಂಗ್ವಿನ್ ಅನ್ನೋ ಬದಲಾವಣೆ ಬಂತು. 2022ರ ಡಿಸೆಂಬರಿನಲ್ಲಿ ಕೊಂಡ ಲಿಂಕುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ ಮಾಡೋ ಇನ್ನೊಂದು ಬಂತು. ಅಂದರೆ ನನ್ನ ದುಡ್ಡು ನೀರಲ್ಲಿ ಹೋಮ.

ಇಷ್ಟರವರೆಗೆ ಹೋದದ್ದು ನನ್ನ ದುಡ್ಡು, ನನ್ನ ಮಾನ. ಮೂರನೆಯದು ಹಾಗಲ್ಲ.

2023ರ ಫೆಬ್ರುವರಿಯಲ್ಲಿ ಸೈಟಿಗೆ ಹೊಸ ಡಿಸೈನ್ ಮಾಡಿದೆ. ಮೊದಲು ಬೇರೆ ವಿಳಾಸದಲ್ಲಿ ಪರೀಕ್ಷೆಗಿಟ್ಟುಕೊಂಡಿದ್ದೆ. ಅದು ಗೂಗಲ್ಲಿನ ಕಣ್ಣಿಗೆ ಬೀಳಬಾರದು ಅಂತ ಪ್ರತಿ ಪುಟಕ್ಕೂ ನೋಇಂಡೆಕ್ಸ್ ಅನ್ನೋ ಒಂದು ಸಾಲು ಹಾಕಿದ್ದೆ. ಆ ಸಾಲಿನ ಅರ್ಥ, "ಈ ಪುಟವನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ." ಅಲ್ಲಿವರೆಗೆ ಸರಿ. ಒಂದು ಭಾನುವಾರ ರಾತ್ರಿ ಎಲ್ಲಾ ಫೈಲುಗಳನ್ನು ಅಸಲಿ ಸೈಟಿಗೆ ಹಾಕಿದೆ, ಆ ಸಾಲಿನ ಸಮೇತ! ಜೊತೆಗೆ ಪುಟಗಳ ವಿಳಾಸಗಳನ್ನೂ ಚೆಂದ ಕಾಣಲಿ ಅಂತ ಬದಲಿಸಿದ್ದೆ. ಹಳೇ ವಿಳಾಸದಿಂದ ಹೊಸದಕ್ಕೆ ದಾರಿ ತೋರಿಸೋ 301 ರಿಡೈರೆಕ್ಟ್ ಹಾಕಲಿಲ್ಲ. ಮನೆ ಬದಲಿಸಿ ಪೋಸ್ಟ್‌ಮ್ಯಾನಿಗೆ ಹೇಳದ ಹಾಗೆ. ಮಾರನೇ ದಿನ ಮೊಬೈಲಲ್ಲಿ ಡಿಸೈನ್ ನೋಡಿ ಖುಷಿಪಟ್ಟು ಮರೆತುಬಿಟ್ಟೆ.

ಫೆಬ್ರುವರಿ, ಮಾರ್ಚ್ ಅಂದರೆ ಮಿಡಿ ಬರೋ ಕಾಲ. ಸೈಟ್ ನಂಬಿಕೊಂಡು ಚಿಕ್ಕಮ್ಮ ಆ ವರ್ಷ ಜಾಸ್ತಿ ಮಿಡಿ ಕೊಂಡು ಉಪ್ಪಿಗೆ ಹಾಕಿದ್ದಳು. ಏಪ್ರಿಲ್ ಕೊನೆಗೆ ಊರಿಗೆ ಹೋದಾಗ ಜಗಲಿ ಮೇಲೆ ಕೂತು ಮೆಲ್ಲಗೆ ಕೇಳಿದಳು, "ಈ ವರ್ಷ ಯಾರ ಫೋನೂ ಇಲ್ಲೆ ಅಪ್ಪಿ. ಹೋದ ವರ್ಷದ ಉಪ್ಪಿನಕಾಯಿ ರುಚಿ ಇತ್ತಿಲ್ಯನ."

ಎರಡು ತಿಂಗಳು ಅವಳು ತನ್ನ ಕೈರುಚಿಯನ್ನೇ ಅನುಮಾನಿಸಿಕೊಂಡು ಕೂತಿದ್ದಳು. ತಪ್ಪು ನನ್ನ ಒಂದು ಸಾಲಿನದು. ಅಲ್ಲೇ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಗೂಗಲ್ಲಲ್ಲಿ ನಮ್ಮ ಸೈಟಿನ ಒಂದು ಪುಟವೂ ಇರಲಿಲ್ಲ. ಮಿಡಿ ತಂದುಕೊಟ್ಟವರಿಗೆ ಚಿಕ್ಕಮ್ಮ ಆಗಲೇ ಅಡಿಕೆ ದುಡ್ಡಿನಿಂದ ಕೊಟ್ಟು ಮುಗಿಸಿದ್ದಳು. ಉಪ್ಪಿನಕಾಯಿ ಕೆಡಲಿಲ್ಲ, ನಿಜ. ಆದರೆ ಆ ದುಡ್ಡು ಅದರೊಳಗೇ ಕೂತಿತು.

ಹಾಗಾಗಿ ಒಂದು ಮಾತು. ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ. ಸೈಟಿನಲ್ಲಿ ಏನೇ ಬದಲಿಸಿದರೂ ಅಲ್ಲಿ ನಿಮ್ಮ ಪುಟದ ವಿಳಾಸ ಕೊಟ್ಟು ನೋಡಿ. ನೋಇಂಡೆಕ್ಸ್ ಇದ್ದರೆ ಅದೇ ಹೇಳುತ್ತೆ. ಇನ್ನೊಂದು, ರೋಬೋಟ್ಸ್ ಫೈಲಿನಲ್ಲಿ ತಡೆದರೆ ಪುಟ ಪಟ್ಟಿಯಿಂದ ಹೋಗುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ತಡೆದರೆ ಗೂಗಲ್ ಒಳಗೇ ಬರಲ್ಲ, ಒಳಗೆ ಬರೆದ ನೋಇಂಡೆಕ್ಸ್ ಓದೋದೂ ಇಲ್ಲ. ಬೇರೆಯವರ ಲಿಂಕು ಹಿಡಿದು ಬರೀ ವಿಳಾಸವನ್ನು ಪಟ್ಟಿಯಲ್ಲಿ ತೋರಿಸಲೂಬಹುದು.

ನಾಲ್ಕನೇ ತಪ್ಪು ನಮ್ಮ ಕನ್ನಡದವರದ್ದು. ಬೆಲೆಪಟ್ಟಿಯನ್ನು ಚಿತ್ರವಾಗಿ ಹಾಕೋದು. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೇ ಏರಿಸೋದು. ಅದು ನಮ್ಮ ಕಣ್ಣಿಗೆ ಕನ್ನಡ, ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡಿನಲ್ಲಿದ್ದರೆ ಮಾತ್ರ ಕನ್ನಡದಲ್ಲಿ ಹುಡುಕಿದವನಿಗೆ ಸಿಗುತ್ತೆ. ಈಗ ಹೊಸ ಚಾಳಿ ಒಂದಿದೆ, ಇಂಗ್ಲಿಷ್ ಪುಟವನ್ನು ಯಂತ್ರಕ್ಕೆ ಕೊಟ್ಟು ನೂರಾರು ಕನ್ನಡ ಪುಟ ಹುಟ್ಟಿಸೋದು. 'ಬಿಸಿ ಒಪ್ಪಂದಗಳು' ಅಂತ ಬರೆದ ಅಂಗಡಿಯಲ್ಲಿ ಯಾರಾದರೂ ಏನಾದರೂ ಕೊಳ್ತಾರಾ? ಓದುಗನಿಗೆ ಉಪಯೋಗವಿಲ್ಲದ ಪುಟಗಳನ್ನು ಹೀಗೆ ರಾಶಿ ಹಾಕೋದು ಸ್ಪ್ಯಾಮ್ ಅಂತ ಗೂಗಲ್ 2024ರ ಮಾರ್ಚಿನಲ್ಲಿ ನಿಯಮವನ್ನೇ ಮಾಡಿದೆ.

ಕೊನೆಗೆ ನಾನೇನು ಮಾಡಿದೆ? ಬಿಳಿ ಅಕ್ಷರ, ಜಪ ಎಲ್ಲಾ ತೆಗೆದೆ. ನೋಇಂಡೆಕ್ಸ್ ಅಳಿಸಿದೆ, ರಿಡೈರೆಕ್ಟ್ ಹಾಕಿದೆ. ಆಮೇಲೆ ಚಿಕ್ಕಮ್ಮನ ಪಕ್ಕ ಕೂತು, ಫೋನ್ ಮಾಡಿದವರು ಏನೇನು ಕೇಳ್ತಾರೆ ಅಂತ ಕೇಳಿ ಬರಕೊಂಡೆ. "ಎಣ್ಣೆ ಹಾಕ್ತೀರಾ?" "ಎಷ್ಟು ದಿನ ಇಡಬಹುದು?" "ಕೊರಿಯರಲ್ಲಿ ಸೋರಲ್ವಾ?" "ಮಿಡಿಗೆ ತೊಟ್ಟು ಯಾಕೆ ಬಿಟ್ಟಿದ್ದೀರಿ?" ಒಂದೊಂದಕ್ಕೂ ಅವಳು ಹೇಳಿದ ಉತ್ತರವನ್ನೇ ಬರೆದೆ. ತೊಟ್ಟು ಮುರಿದರೆ ಸೊನೆ ಹೋಗುತ್ತೆ, ಸೊನೆ ಹೋದರೆ ಪರಿಮಳ ಹೋಗುತ್ತೆ ಅನ್ನೋದು ನನಗೂ ಅವತ್ತೇ ಗೊತ್ತಾಗಿದ್ದು! ತಿಂಗಳುಗಳು ಹಿಡಿಯಿತು. ಆದರೆ ಆ ಪ್ರಶ್ನೆಗಳನ್ನೇ ಹುಡುಕಿದವರು ನಮ್ಮಲ್ಲಿಗೆ ಬಂದರು. ಮುಂದಿನ ವರ್ಷ ಫೋನು ಮತ್ತೆ ಹೊಡಕೊಂಡಿತು. ನಂಬರ್ ಒನ್ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ನಂಬರ್ ಒನ್ ಗ್ಯಾರಂಟಿ ಕೊಡೋಕೆ ಯಾರಿಂದಲೂ ಆಗಲ್ಲ ಅಂತ ಗೂಗಲ್ಲೇ ಬರೆದಿದೆ. ಗೆಳೆಯನಿಗೆ ಅದನ್ನೇ ಹೇಳಿದೆ. ಆ ದುಡ್ಡಲ್ಲಿ ಅಣ್ಣನ ಅಂಗಡಿಗೆ ಹೋಗಿ ಒಂದು ದಿನ ಕೂತ್ಕೋ, ಗಿರಾಕಿಗಳು ಏನು ಕೇಳ್ತಾರೆ ಬರಕೊಂಡು ಬಾ, ಉಳಿದದ್ದರಲ್ಲಿ ಮಸಾಲೆದೋಸೆ ತಿನ್ನು ಅಂತ.

"ಗೂಗಲ್ಲಿಗೆ, ಜನಕ್ಕಲ್ಲ" ಅಂತ ಯಾವತ್ತು ಬರೀತೀವೋ ಅವತ್ತೇ ಕೆಟ್ಟೆವು ಅನ್ನೋದು ನನ್ನ ಅಭಿಪ್ರಾಯ. ನೀವೇನಂತೀರಿ?