ಪುಟ ತುಂಬಿದರೆ ಪಾಠವೇ?

ಶಾಲೆಯಿಂದ ಮರಳಿದ ಮಗುವಿನಲ್ಲಿ ಹೆತ್ತವರು ಮೊದಲು ಕೇಳುವ ಪ್ರಶ್ನೆ ಯಾವುದು? ‘ಇವತ್ತು ಎಷ್ಟು ಬರೆದೆ, ಹೋಂವರ್ಕ್ ಏನಿದೆ’ ಎಂಬುದು. ನೋಟ್‌ಬುಕ್ಕಿನ ಪುಟಗಳು ತುಂಬಿದ್ದರೆ ಶಾಲೆ ಒಳ್ಳೆಯದು, ಖಾಲಿ ಇದ್ದರೆ ಅಲ್ಲಿ ಏನನ್ನೂ ಕಲಿಸುತ್ತಿಲ್ಲ ಎಂಬ ತೀರ್ಮಾನಕ್ಕೆ ನಾವು ಬಹಳ ಬೇಗ ಬಂದುಬಿಡುತ್ತೇವೆ. ಒಂದನೆಯ ತರಗತಿಯ ಮಗುವೊಂದು, ‘ಹುಣಸೆ ಬೀಜ ಎಣಿಸಿದೆವು, ಎಲೆ ಹೆಕ್ಕಿದೆವು, ಹಾಡಿದೆವು’ ಎಂದರೆ, ‘ಆಟವಾಡಲು ಶಾಲೆಗೇಕೆ ಹೋಗಬೇಕು’ ಎಂದು ಮುಖ ಸಿಂಡರಿಸುವವರೇ ಹೆಚ್ಚು. ಆ ಮಗುವನ್ನು ಮುಂದಿನ ವರ್ಷ ಅಲ್ಲಿಂದ ಬಿಡಿಸಿ, ಇಕ್ಕಟ್ಟಾದ ಕಟ್ಟಡದಲ್ಲಿ ನಡೆಯುವ ಯಾವುದಾದರೊಂದು ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಲಾಗುತ್ತದೆ. ಅಲ್ಲಿ ಪುಟಗಳೇನೋ ತುಂಬುತ್ತವೆ. ಆದರೆ ತಾನು ಬರೆದುದನ್ನು ಓದಿ ಹೇಳಲು ಮಗುವಿಗೆ ಸಾಧ್ಯವಾಗುತ್ತಿದೆಯೇ ಎಂದು ಪರಿಶೀಲಿಸುವ ಗೋಜಿಗೆ ಹೋಗುವವರು ಎಷ್ಟು ಮಂದಿ?

ಕೈಯಿಂದ ಮುಟ್ಟಿ, ಜೋಡಿಸಿ, ಮಾಡಿ ಕಲಿಯುವುದನ್ನು ಆಟವೆಂದು ಕಡೆಗಣಿಸುವ ಈ ಮನೋಭಾವದಿಂದ ಅತಿ ಹೆಚ್ಚು ನಷ್ಟ ಅನುಭವಿಸಿದ್ದು ನಮ್ಮದೇ ರಾಜ್ಯದ ‘ನಲಿ-ಕಲಿ’ ಪದ್ಧತಿ. ಅದರ ಹುಟ್ಟಿನ ಕತೆಯನ್ನು ಹೆತ್ತವರು ಅರಿತುಕೊಳ್ಳುವುದು ಉತ್ತಮ. ಯಾಕೆಂದರೆ ಅದು ಕೇವಲ ಮಂತ್ರಿಯೊಬ್ಬರ ಘೋಷಣೆಯಿಂದಲೋ ಅಧಿಕಾರಿಯೊಬ್ಬರ ಕಡತದಿಂದಲೋ ಹುಟ್ಟಿದ್ದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರ ತಂಡವೊಂದು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯಿರುವ ಋಷಿ ವ್ಯಾಲಿಗೆ ತೆರಳಿತು. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳ ಬಡ ಮಕ್ಕಳಿಗಾಗಿ ಪುಟ್ಟ ಶಾಲೆಗಳನ್ನು ನಡೆಸುತ್ತಿತ್ತು. ವಿವಿಧ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಈ ಶಿಕ್ಷಕರು ಕಣ್ಣಾರೆ ಕಂಡರು. ಅದರ ಹಿಂದೆಯೂ ಕರ್ನಾಟಕದ ನೆಲದ ಪ್ರಭಾವವೊಂದಿತ್ತು. ಡೇವಿಡ್ ಹಾರ್ಸ್‌ಬರೋ ಎಂಬ ಆಂಗ್ಲ ಶಿಕ್ಷಣತಜ್ಞರು 1972ರಲ್ಲಿ ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಎಂಬ ಶಾಲೆಯನ್ನು ತೆರೆದಿದ್ದರು. ಪರೀಕ್ಷೆಯ ಭಯವಿಲ್ಲದೆ, ಬಡಗಿ ಕೆಲಸ, ತೋಟಗಾರಿಕೆ, ಸಂಗೀತಗಳ ನಡುವೆ ಹಳ್ಳಿಯ ಮಕ್ಕಳು ಅಲ್ಲಿ ಕಲಿಯುತ್ತಿದ್ದರು. ಹೀಗೆ ಕೋಲಾರದ ಒಂದು ಹಳ್ಳಿಯಲ್ಲಿ ಹಚ್ಚಿದ ದೀಪ ಆಂಧ್ರವನ್ನು ಸುತ್ತಿ ಮೈಸೂರು ಜಿಲ್ಲೆಗೆ ಬಂತು.

ಹೆಗ್ಗಡದೇವನಕೋಟೆಯ ಶಿಕ್ಷಕರು ತಾವು ಕಂಡುದನ್ನು ಹಾಗೆಯೇ ನಕಲು ಮಾಡಲಿಲ್ಲ. ಯುನಿಸೆಫ್‌ನ ನೆರವಿನೊಂದಿಗೆ ತಾವೇ ಕುಳಿತು ಕಾರ್ಡುಗಳನ್ನು ಬರೆದರು, ಚಿತ್ರಗಳನ್ನು ಬಿಡಿಸಿದರು, ತಮ್ಮ ಸೀಮೆಯ ಹಾಡು, ಒಗಟು, ಕತೆಗಳನ್ನು ಪಾಠಕ್ಕೆ ತಂದರು. ಕಾಡಂಚಿನ ಹಾಡಿಗಳ ಮಕ್ಕಳು, ಕೂಲಿಕಾರರ ಮಕ್ಕಳು ಶಾಲೆಗೆ ಯಾಕೆ ಬರುತ್ತಿಲ್ಲ ಎಂದು ಆ ಮಕ್ಕಳನ್ನು ದೂರುವ ಬದಲು, ಅವರು ಬರುವಂತಹ ಶಾಲೆ ಹೇಗಿರಬೇಕು ಎಂದು ಯೋಚಿಸಿದರು. ಆ ಪದ್ಧತಿಯೇ ಬೆಳೆದು, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ ಮರುವರ್ಷ ಮೂರನೆಯ ತರಗತಿಗೂ ವಿಸ್ತರಿಸಲ್ಪಟ್ಟಿತು.

ನಲಿ-ಕಲಿ ಎಂದರೆ ಬರೇ ನಲಿಯುವುದೆಂದು ತಿಳಿದವರು ಅಂತಹ ತರಗತಿಯೊಂದನ್ನು ಅರ್ಧ ಗಂಟೆ ನೋಡಬೇಕು. ಮಕ್ಕಳು ನೆಲದ ಮೇಲೆ ಗುಂಪುಗಳಲ್ಲಿ ಕುಳಿತಿರುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಗುಂಪು, ಸ್ವಲ್ಪ ನೆರವು ಸಾಕಾದವರು ಇನ್ನೊಂದು, ಜೊತೆಗಾರರ ಸಹಾಯದಿಂದ ಕಲಿಯುವವರು ಮತ್ತೊಂದು, ತಾವಾಗಿಯೇ ಕಲಿಯಬಲ್ಲವರು ಮಗದೊಂದು. ಮಕ್ಕಳ ಕೈಗೆಟಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪು ಹಲಗೆ. ಅವರು ಬರೆದ ಚಿತ್ರಗಳು, ಮಾಡಿದ ವಸ್ತುಗಳು ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತಿರುತ್ತವೆ. ಪಾಠಗಳೆಲ್ಲ ಒಂದು ಕಲಿಕಾ ಏಣಿಯ ಮೆಟ್ಟಿಲುಗಳು. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಶಿಕ್ಷಕರಿಗೂ ಮಗುವಿಗೂ ಗೊತ್ತಿರುತ್ತದೆ.

‘ನನ್ನ ಮಗುವಿಗೆ ಅ ಆ ಇ ಈ ಕೂಡಾ ಬರುವುದಿಲ್ಲ’ ಎಂಬುದು ಸಾಮಾನ್ಯ ದೂರು. ನಲಿ-ಕಲಿಯಲ್ಲಿ ವರ್ಣಮಾಲೆಯ ಕ್ರಮದಲ್ಲಿ ಅಕ್ಷರ ಕಲಿಸುವುದಿಲ್ಲ ಎಂಬುದು ನಿಜ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಅಲ್ಲಿ ಆರಂಭ. ಯಾಕೆಂದರೆ ಈ ಐದನ್ನು ಕಲಿತ ಮಗು ಅಂದೇ ಸರ, ಅರಸ, ಅಗಸ, ಗರಗಸ ಎಂಬ ಶಬ್ದಗಳನ್ನು ಓದಬಲ್ಲದು. ಸ್ವರಾಕ್ಷರಗಳನ್ನೆಲ್ಲ ಕಂಠಪಾಠ ಮಾಡಿದ ಮಗುವಿಗೆ ಅವಷ್ಟರಿಂದಲೇ ಓದಲು ಸಿಗುವ ಶಬ್ದಗಳೆಷ್ಟು? ಗಣಿತದಲ್ಲೂ ಹೀಗೆಯೇ. ಹತ್ತು ಕಡ್ಡಿಗಳನ್ನು ಕಟ್ಟಿ ಒಂದು ಕಟ್ಟು ಮಾಡಿದ ಮಗುವಿಗೆ ‘ಹತ್ತರ ಸ್ಥಾನ’ ಎಂದರೇನೆಂದು ಕೈಯೇ ಹೇಳಿಕೊಟ್ಟಿರುತ್ತದೆ. ನೂರರವರೆಗಿನ ಅಂಕಿಗಳನ್ನು ಹತ್ತು ಬಾರಿ ಬರೆದ ಮಗುವಿಗೆ ಬರುವುದು ಬೆರಳು ನೋವು ಮಾತ್ರ.

ಈ ವಿಷಯದಲ್ಲಿ ನಮ್ಮ ಸಮುದಾಯಕ್ಕೆ ವಿಶೇಷ ಆಸಕ್ತಿ ಇರಬೇಕಾದುದಕ್ಕೆ ಕಾರಣವಿದೆ. 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು, ದೇಶದ 6ರಿಂದ 14ರ ಪ್ರಾಯದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ಅರ್ಧದಲ್ಲಿ ಬಿಟ್ಟಿದ್ದಾರೆ ಎಂದಿತ್ತು. ಆ ಬಳಿಕ ದಾಖಲಾತಿಯ ಚಿತ್ರಣ ಸಾಕಷ್ಟು ಬದಲಾಗಿದೆ. ಆದರೆ ಹೈಸ್ಕೂಲಿನಲ್ಲಿ ಶಾಲೆ ತೊರೆಯುವ ಹುಡುಗನ ಕತೆ ಹೈಸ್ಕೂಲಿನಲ್ಲಿ ಆರಂಭವಾಗಿರುವುದಿಲ್ಲ. ಎರಡನೆಯ ತರಗತಿಯಲ್ಲಿ ಓದು ಕೈಹಿಡಿಯದೆ, ಮೂರರಲ್ಲಿ ಕಳೆಯುವ ಲೆಕ್ಕ ಅರ್ಥವಾಗದೆ, ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗುವೇ ಮುಂದೆ ಗ್ಯಾರೇಜಿನ ಹಾದಿ ಹಿಡಿಯುವುದು. ಬೀಡಿ ಕಟ್ಟುವ ತಾಯಿಗೆ, ತಳ್ಳುಗಾಡಿಯಲ್ಲಿ ಹಣ್ಣು ಮಾರುವ ತಂದೆಗೆ ಟ್ಯೂಷನ್ ಕೊಡಿಸುವ ಶಕ್ತಿಯಾಗಲಿ, ಮನೆಯಲ್ಲಿ ಪಾಠ ಹೇಳಿಕೊಡುವ ಬಿಡುವಾಗಲಿ ಇರುವುದಿಲ್ಲ. ಅವರ ಮಗುವಿಗೆ ಸಿಗುವ ಕಲಿಕೆಯೆಲ್ಲವೂ ಶಾಲೆಯಲ್ಲೇ ಸಿಗಬೇಕು. ಜ್ವರ ಬಂದು ಹದಿನೈದು ದಿನ ರಜೆ ಹಾಕಿದ ಮಗು ಮರಳಿ ಬಂದಾಗ, ಪಠ್ಯಪುಸ್ತಕದ ತರಗತಿಯಲ್ಲಿ ಪಾಠ ಮುಂದೆ ಹೋಗಿರುತ್ತದೆ. ಕಲಿಕಾ ಏಣಿಯಲ್ಲಾದರೋ ಅದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮನೆಯಲ್ಲಿ ಬ್ಯಾರಿಯನ್ನೋ ದಖ್ಖನಿ ಉರ್ದುವನ್ನೋ ಆಡುವ ಮಗುವಿಗೆ ಶಾಲೆಯ ಕನ್ನಡ ಮೊದಲಿಗೆ ಅಪರಿಚಿತ. ಬರೇ ಮಾತಿನ ಪಾಠ ಅದನ್ನು ಹೊರಗಿಡುತ್ತದೆ. ಕಾಳು, ಕಡ್ಡಿ, ಚಿತ್ರಗಳ ಮೂಲಕ ಸಾಗುವ ಪಾಠ ಅದನ್ನು ಒಳಗೆ ಕರೆಯುತ್ತದೆ.

ಕೈಯ ಮೂಲಕ ಕಲಿಯುವುದು ಇತ್ತೀಚಿನ ಫ್ಯಾಶನ್ನೂ ಅಲ್ಲ. 1937ರಲ್ಲಿ ವಾರ್ಧಾ ಶಿಕ್ಷಣ ಸಮ್ಮೇಳನವು ಗಾಂಧೀಜಿಯವರ ‘ನಯೀ ತಾಲೀಮ್’ ಚಿಂತನೆಗೆ ರೂಪ ಕೊಡಲು ಸಮಿತಿಯೊಂದನ್ನು ನೇಮಿಸಿದಾಗ ಅದರ ಅಧ್ಯಕ್ಷರಾಗಿದ್ದವರು ಅಂದು ಜಾಮಿಯಾ ಮಿಲ್ಲಿಯಾದ ಕುಲಪತಿಯಾಗಿದ್ದ, ಮುಂದೆ ರಾಷ್ಟ್ರಪತಿಯಾದ ಡಾ. ಝಾಕಿರ್ ಹುಸೈನ್. ಕೈಕಸುಬಿನ ಸುತ್ತ ಗಣಿತ, ಭಾಷೆ, ವಿಜ್ಞಾನಗಳನ್ನು ಹೆಣೆದು ಕಲಿಸಬೇಕೆಂಬುದು ಆ ಸಮಿತಿಯ ಯೋಜನೆಯ ತಿರುಳಾಗಿತ್ತು. ವಿಪರ್ಯಾಸ ನೋಡಿ: ಬೀದರಿನ ಬಿದ್ರಿ, ಚನ್ನಪಟ್ಟಣದ ಗೊಂಬೆಗಳಿಂದ ಹಿಡಿದು ಮೆಕ್ಯಾನಿಕ್, ಬಡಗಿ, ದರ್ಜಿಯವರೆಗೆ ಕೈಯ ಕುಶಲತೆಯಿಂದಲೇ ಅನ್ನ ಕಂಡ ಸಮುದಾಯ ನಮ್ಮದು. ಆದರೆ ಮಗುವಿನ ಪಾಠದಲ್ಲಿ ಕೈಗೆ ಕೆಲಸ ಕೊಟ್ಟರೆ ನಮಗೆ ಅವಮಾನವೆನಿಸುತ್ತದೆ. ಅಳತೆಪಟ್ಟಿ ಹಿಡಿದು ಬಟ್ಟೆ ಕತ್ತರಿಸುವ ದರ್ಜಿಗಿಂತ ಚೆನ್ನಾಗಿ ಮೂರನೆಯ ತರಗತಿಗೆ ಅಳತೆಯ ಪಾಠ ಮಾಡಬಲ್ಲವರು ಯಾರಿದ್ದಾರೆ? ತಿಂಗಳಿಗೊಮ್ಮೆ ಅವರನ್ನು ಶಾಲೆಗೆ ಕರೆದರೆ ಮಕ್ಕಳಿಗೆ ಅಳತೆ ಬರುತ್ತದೆ. ತಮ್ಮ ತಂದೆ ತಾಯಿಯರ ದುಡಿಮೆಯ ಬಗ್ಗೆ ಗೌರವವೂ ಬರುತ್ತದೆ.

ಹಾಗಂತ ನಲಿ-ಕಲಿಯಲ್ಲಿ ಕುಂದುಗಳಿಲ್ಲವೆಂದಲ್ಲ. ಅವುಗಳಲ್ಲಿ ಹೆಚ್ಚಿನವು ಪದ್ಧತಿಯ ಕುಂದುಗಳಿಗಿಂತ ಅದನ್ನು ನಡೆಸಿದವರ ಕುಂದುಗಳು. ಒಂದು ತಾಲೂಕಿನ ಶಿಕ್ಷಕರು ತಮ್ಮ ಕೈಯಾರೆ ಕಟ್ಟಿದ್ದು ರಾಜ್ಯಕ್ಕೆ ವಿಸ್ತರಿಸಿದಾಗ ಮೇಲಿನಿಂದ ಬರುವ ಆದೇಶವಾಯಿತು. ಕಾರ್ಡುಗಳನ್ನು ತಯಾರಿಸುತ್ತಿದ್ದವರು ಮುದ್ರಿತ ಕಾರ್ಡುಗಳಿಗಾಗಿ ಕಾಯುವವರಾದರು. ಮೂರು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಕಲಿಕೆಯ ಕ್ರಮವಾಗಿತ್ತು. ಶಿಕ್ಷಕರನ್ನು ನೇಮಿಸದಿರಲು ಅದೇ ನೆಪವಾಗಬಾರದು. 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು, ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಯುವುದನ್ನು ಪಠ್ಯಕ್ರಮದ ಭಾಗವೆಂದು ತನ್ನ 29ನೆಯ ಕಲಮಿನಲ್ಲೇ ಹೇಳಿದೆ. ಅದೇ ಕಾಯ್ದೆಯ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳ ಹೊರತು ಬೇರೆ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ಆದರೆ 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಅಲೆದವರು ಶಿಕ್ಷಕರೇ. ಅದಕ್ಕಾಗಿ ದಸರಾ ರಜೆಯನ್ನೂ ವಿಸ್ತರಿಸಲಾಯಿತು. ಸಮೀಕ್ಷೆ ಬೇಕು, ನಿಜ. ಆದರೆ ಪ್ರತಿ ಸಲವೂ ಅದರ ಬೆಲೆಯನ್ನು ಬಡ ಮಕ್ಕಳ ತರಗತಿಯೇ ತೆರಬೇಕೆಂಬುದು ಯಾವ ನ್ಯಾಯ?

ಇನ್ನೊಂದು ಬಿರುಕು ನಾಲ್ಕನೆಯ ತರಗತಿಯ ಹೊಸ್ತಿಲಲ್ಲಿದೆ. ಮೂರು ವರ್ಷ ನೆಲದ ಮೇಲೆ ಕುಳಿತು, ಕಾರ್ಡು ಆಯ್ದು, ಮಾತಾಡುತ್ತಾ ಕಲಿತ ಮಗು ಜೂನ್ ತಿಂಗಳ ಒಂದು ಬೆಳಗ್ಗೆ ಏಕಾಏಕಿ ಬೆಂಚು, ಪಠ್ಯಪುಸ್ತಕ ಮತ್ತು ಮೌನದ ಲೋಕಕ್ಕೆ ಬಂದು ಬೀಳುತ್ತದೆ. ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನದ ಮೂಲಕ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಸರಕಾರಿ ಶಾಲೆಗಳಲ್ಲಿ ಗಣಿತದ ಕಿಟ್‌ಗಳು ತಲುಪಿದ್ದು ಈ ಅಂತರವನ್ನು ತುಂಬುವ ಒಂದು ಒಳ್ಳೆಯ ಪ್ರಯತ್ನ. ಆದರೆ ಕಿಟ್ ಕಪಾಟಿನಲ್ಲಿದ್ದರೆ ಯಾರಿಗೂ ಪ್ರಯೋಜನವಿಲ್ಲ. ಸಾಮಗ್ರಿ ಕಳೆದುಹೋದರೆ ಲೆಕ್ಕ ಕೊಡಬೇಕಾದೀತೆಂಬ ಭಯದಿಂದ ಅದಕ್ಕೆ ಬೀಗ ಹಾಕುವ ಪರಿಸ್ಥಿತಿ ಶಿಕ್ಷಕರಿಗೆ ಬರಬಾರದು. ಮಕ್ಕಳು ಬಳಸಿದರೆ ವಸ್ತು ಸವೆಯುತ್ತದೆ, ಸವೆಯಬೇಕಾದುದೇ ಸರಿ.

ಒಳ್ಳೆಯ ಪ್ರಯೋಗವೊಂದು ಸಮಾಜದ ಬೆಂಬಲವಿಲ್ಲದೆ ಎಷ್ಟು ಸುಲಭವಾಗಿ ಮುರಿದುಬೀಳುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ ಸಾಕ್ಷಿ. ಅಲ್ಲಿ 1972ರಲ್ಲಿ 16 ಸರಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಮಕ್ಕಳು ತಾವೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ ಆರಂಭವಾಯಿತು. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವುದಕ್ಕೆ ಹೆಸರಾದ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕೃತಿಗಳನ್ನು ಕಟ್ಟುವ ಆಟವನ್ನು ರೂಪಿಸಿದ್ದು ಈ ಕಾರ್ಯಕ್ರಮದ ಒಡನಾಟದಲ್ಲೇ. ಮುಂದೆ ಅದು ನೂರಾರು ಶಾಲೆಗಳಿಗೆ ಹಬ್ಬಿತು. ಆದರೂ 2002ರಲ್ಲಿ ರಾಜ್ಯ ಸರಕಾರ ಅದನ್ನು ನಿಲ್ಲಿಸಿಬಿಟ್ಟಿತು. ವಿಜ್ಞಾನಿಗಳು, ಶಿಕ್ಷಣತಜ್ಞರು ಪ್ರತಿಭಟಿಸಿದರು, ಫಲವಾಗಲಿಲ್ಲ. ಮೂವತ್ತು ವರ್ಷಗಳ ಶ್ರಮವನ್ನು ಅಳಿಸಲು ಒಂದು ಆದೇಶ ಸಾಕಾಯಿತು.

ಆದುದರಿಂದ ಮಾಡಬೇಕಾದುದು ಬಹಳಷ್ಟಿದೆ, ಅದರಲ್ಲಿ ಹೆಚ್ಚಿನದಕ್ಕೆ ಹಣ ಬೇಕಿಲ್ಲ. ಸರಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಹೆತ್ತವರಿಗೆ ಸ್ಥಾನವಿದೆ. ಸಭೆಗೆ ಹೋಗಿ ಬಿಸಿಯೂಟ, ಕಂಪೌಂಡು ಗೋಡೆಗಳ ಬಗ್ಗೆ ಮಾತಾಡುವಂತೆ, ಕಲಿಕಾ ಕಾರ್ಡುಗಳು ಪೂರ್ಣ ಬಂದಿವೆಯೇ, ಗಣಿತದ ಕಿಟ್ ತೆರೆದಿದೆಯೇ ಎಂದೂ ಕೇಳಬೇಕು. ಉರ್ದು ಮಾಧ್ಯಮದ ಶಾಲೆಗಳಿಗೆ ಸಾಮಗ್ರಿ ಮತ್ತು ಶಿಕ್ಷಕರ ತರಬೇತಿ ಕನ್ನಡ ಮಾಧ್ಯಮದಷ್ಟೇ ಸಕಾಲದಲ್ಲಿ ದೊರೆಯಬೇಕೆಂದು ಜನಪ್ರತಿನಿಧಿಗಳ ಮೇಲೆ ಒತ್ತಡ ಹೇರಬೇಕು. ಊರೂರುಗಳಲ್ಲಿ ಶಾಲೆ ನಡೆಸುತ್ತಿರುವ ಸಮುದಾಯದ ಟ್ರಸ್ಟುಗಳು ಪ್ರವೇಶದ್ವಾರದ ಕಮಾನಿಗೆ ಮತ್ತು ಸಮವಸ್ತ್ರದ ಟೈಗೆ ಕೊಡುವ ಗಮನದ ಸಣ್ಣದೊಂದು ಪಾಲನ್ನು ಎಲ್‌ಕೆಜಿಯಿಂದ ಮೂರನೆಯ ತರಗತಿಯವರೆಗಿನ ಕೋಣೆಗಳಿಗೆ ಕೊಡಲಿ. ಅಲ್ಪ ವೇತನಕ್ಕೆ ದುಡಿಯುವ ಅಲ್ಲಿನ ಶಿಕ್ಷಕಿಯರಲ್ಲಿ ನಮ್ಮದೇ ಮನೆಗಳ ವಿದ್ಯಾವಂತ ಹೆಣ್ಣುಮಕ್ಕಳು ಬಹಳಷ್ಟಿದ್ದಾರೆ. ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿ ವ್ಯಾಲಿಗೆ ಹೋಗಿ ನೋಡಿಬಂದಂತೆ, ಇವರನ್ನೂ ಒಳ್ಳೆಯ ನಲಿ-ಕಲಿ ಶಾಲೆಯೊಂದಕ್ಕೆ ಕರೆದೊಯ್ದು ತೋರಿಸಲಿ. ಮರಳಿ ಬಂದ ಬಳಿಕ ತಮ್ಮ ತರಗತಿಯಲ್ಲಿ ಅದನ್ನು ಪ್ರಯೋಗಿಸುವ ಸ್ವಾತಂತ್ರ್ಯವನ್ನೂ ಒಂದೆರಡು ವರ್ಷಗಳ ಸಮಯವನ್ನೂ ಕೊಡಲಿ.

ಹೆತ್ತವರಾದರೋ ಕೊಡಬೇಕಾದುದು ತಾಳ್ಮೆಯನ್ನು. ಬೀಜ ಎಣಿಸುವ ಮಗುವನ್ನು ಕಂಡು ಶಾಲೆ ಬದಲಿಸುವ ಮುನ್ನ ಒಮ್ಮೆ ಶಿಕ್ಷಕರ ಬಳಿ ಹೋಗಿ, ನನ್ನ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ಕೇಳಿ ನೋಡಿ. ಮಗುವಿನ ಹೆಸರು ಹಿಡಿದು ನಿಖರವಾಗಿ ಉತ್ತರಿಸಬಲ್ಲ ಶಿಕ್ಷಕರು ಅಲ್ಲಿದ್ದರೆ, ಅವರನ್ನು ಬೆಂಬಲಿಸುವುದು ನಮ್ಮ ಹೊಣೆ. ಅಂತಹವರ ತರಗತಿಯಿಂದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಾವು ಬಿಡಿಸುತ್ತಾ ಹೋದರೆ, ಒಂದು ದಿನ ಮಕ್ಕಳಿಲ್ಲವೆಂಬ ಕಾರಣಕ್ಕೆ ಸರಕಾರ ಆ ಶಾಲೆಗೆ ಬೀಗ ಹಾಕುತ್ತದೆ. ಆಗ ಪ್ರತಿಭಟಿಸುವುದಕ್ಕೆ ನಮ್ಮಲ್ಲಿ ಯಾವ ನೈತಿಕ ಹಕ್ಕು ಉಳಿದಿರುತ್ತದೆ?